ಬಾಣ

ಬೋರ್ಡಿನ ಕೆಳಗ ನಿಂತು ಫೋಟೊ ತಗಸ್ಕೊಳ್ಳಾಕತ್ತೀರಿ,
ತಗಸ್ಕೋರಿ, ನಂದೇನೂ ತಕರಾರಿಲ್ಲ.
ಬರೇ ಆ ಬಲಗಡೆ ಅಂಚಿಗೆ ತೋಳು ಆನಸಬ್ಯಾಡ್ರಿ,
ಬಣ್ಣ ಇನ್ನೂ ಹಸಿ ಐತಿ.

ನಾನು ದುಂಡಪ್ಪ, ಪೇಂಟರ್.
ಬಸ್‌ಸ್ಟ್ಯಾಂಡಿನ ಬಾಜೂಕ ಈ ತಗಡು ನಿಂತು ಮೂವತ್ತೆಂಟು ವರ್ಷ.
ಮ್ಯಾಲ ಊರಿನ ಹೆಸರು, ಮೂರು ಲಿಪಿಯಾಗ.
ಕೆಳಗ ಕೋಟೆ, ಕಮಲ ಬಸದಿ, ಸಫಾ ಮಸೀದಿ.
ಅದರ ಕೆಳಗೊಂದು ಬಾಣ.
ಬಂದ ರೊಕ್ಕದಾಗ ಅವ್ವಗ ಅರ್ಧ ಕಿಲೊ ಕುಂದಾ ಒಯ್ದಿದ್ದೆ.
ಆಕಿ ಅದನ್ನ ತಿಂದು ಮುಗಸೂದ್ರಾಗ
ಬೋರ್ಡಿಗೆ ಮಸಿ.

ಸಾಹೇಬ್ರು ಅಂದ್ರು, ಮತ್ತ ಬರಿ.
ಬರದೆ.
ಮುಂದಿನ ವರ್ಷ ಇನ್ನೊಂದು ಸಾಲಿಗೆ ಮಸಿ,
ಈ ಸಲ ಇನ್ನೊಂದು ಕಡಿಯವರು.
ಮತ್ತ ಬರಿ.
ನವೆಂಬರ್ ಬಂತಂದ್ರ ಡಬ್ಬ್ಯಾಗಿನ ಕುಂಚ
ತಾನ ಎದ್ದು ಕುಂದರತಿತ್ತು.

ಸೀಮಿ ಅಂದ್ರ ನಕಾಶೆದಾಗಿನ ಗೆರಿ ಅಂತೀರಿ ನೀವು.
ನಂಗ ಅದು ಟರ್ಪೆಂಟೈನ್ ವಾಸನಿ,
ಊಟಕ್ಕ ಕುಂತಾಗ ರೊಟ್ಟಿಗೂ ಹತ್ತತಿತ್ತು.

ಒಂದು ಮುಂಜಾನೆ ಖಡೇಬಜಾರದಾಗ, ಇಮಾಮಸಾಬನ ಅಂಗಡ್ಯಾಗ,
ನನ್ನ ಮುಂದ ಒಬ್ಬಾಂವ ನಿಂತಿದ್ದ.
ಉಗುರಿನ ಸಂದ್ಯಾಗ ಕರಿ.
ಅರ್ಧ ಡಬ್ಬಿ ಡಾಂಬರು ವಾಪಸ್ ತಂದಾನ,
ಉಳದದ್ದು ತಗೋತೀರೇನು ಚಾಚಾ, ಅಂತಾನ.
ನಾ ಬಿಳಿ ಎನಾಮಲ್ ಕೇಳಿದೆ.
ಇಮಾಮಸಾಬ ಇಬ್ಬರ ಕಡಿ ನೋಡಿದ, ಕೆಮ್ಮಿದ,
ಉದ್ದರಿ ವಹಿ ತಗದ.
ದುಂಡಪ್ಪ, ಅದರ ಕೆಳಗ ಕಲ್ಲಪ್ಪ.
ಒಂದ ಪುಟ.

ಯಾವ ಕಡಿಯಾಂವ ಅಂತ ಕೇಳಬ್ಯಾಡ್ರಿ.
ಇಲ್ಲೆ ಎರಡೂ ಕಡೆ ಕಲ್ಲಪ್ಪ ಅಂದ್ರ ಕಲ್ಲಪ್ಪನ.

ಹೊರಗ ಚಹಾ ಕುಡಿಯುವಾಗ ಅಂದ,
ಆ ಬೋರ್ಡು ನಿಂದೇನು?
ಹೌದಂದೆ.
‘ಳ’ ಭಾಳ ಛಂದ ಬಿದ್ದಿತ್ತೋ ಮಾರಾಯಾ,
ಕೈ ಬರಲಿಲ್ಲ. ಬಿಟ್ಟೀನಿ ನೋಡು.

ಹೋಗಿ ನೋಡಿದೆ. ಖರೇನ.
ಅಷ್ಟಗಲ ಡಾಂಬರಿನ ನಡುವ ಒಂದು ‘ಳ’,
ಕತ್ತಲಿ ಕ್ವಾಣ್ಯಾಗ ಎದ್ದು ಕುಂತ ಕೂಸಿನಂಗ.
ಆ ಅಕ್ಷರ ಕನ್ನಡದಾಗೂ ಐತಿ, ಮರಾಠ್ಯಾಗೂ ಐತಿ;
ಇಂಗ್ಲಿಷಿನಾಗ ಇಲ್ಲ,
ಗೋರಾ ಸಾಹೇಬರ ನಾಲಗಿ ಅಷ್ಟು ಮಡಚಲಿಲ್ಲ.
ಆ ದಿನ ಅದರ ಸುತ್ತಲ ಬರದೆ,
ಅದನ್ನ ಮುಟ್ಟಲಿಲ್ಲ.

ಇನ್ನೊಂದು ಮಾತು.
ಇಷ್ಟು ವರ್ಷದಾಗ
ಬಾಣಕ್ಕ ಯಾರೂ ಮಸಿ ಬಳೀಲಿಲ್ಲ.
ಹೆಸರಿಲ್ಲದ ಬೋರ್ಡು ನೋಡಿ
ಸಾಲೀ ಹುಡುಗರ ಬಸ್ಸು ಬರೋಬ್ಬರಿ ಕೋಟೆ ಮುಟ್ಟತಿತ್ತು.
ಕಂದಕ ದಾಟಿ, ದುರ್ಗಿಗೆ ಕೈ ಮುಗದು,
ಬಸದ್ಯಾಗ ಅಂಗಾತ ಮಲಗಿ
ತಲಿ ಕೆಳಗಾಗಿ ಅರಳಿದ ಕಲ್ಲಿನ ಕಮಲದ ಎಸಳು
ಎಣಿಸಿ, ತಪ್ಪಿ, ಮತ್ತ ಎಣಿಸಿ,
ಮಾಸ್ತರ ಶಿಟ್ಟಿಗೆ ಎದ್ದು ಓಡತಿದ್ರು.
ಮಸೀದಿ ಕಂಬದ ಮ್ಯಾಲ ಹಳೇ ಅಕ್ಷರ ಅದಾವ,
ಹೋದ್ರ ನೋಡ್ರಿ.
ಅವನ್ನ ಕೊರದಾಂವಗೂ ಯಾವನೋ ಸಾಹೇಬ
ಮತ್ತ ಬರಿ ಅಂದಿದ್ನೋ ಏನೋ.

ನಾಳೆ ಈ ತಗಡು ಇಳಸ್ತಾರಂತ.
ರಾತ್ರಿ ಹೊಳಿಯುವಂಥಾ ಹೊಸಾದು ಬರತೈತಿ,
ಮಷೀನಿನ ಅಕ್ಷರ.
ಮನ್ನಿ ಚಾಕೂಲೆ ಒಂದು ಮೂಲಿ ಕೆರದೆ:
ಬಿಳಿ, ಕರಿ, ಬಿಳಿ, ಕರಿ, ಒಂದು ಪದರು ನೀಲಿ,
ಯಾಕ ನೀಲಿ ನೆನಪಿಲ್ಲ, ಮತ್ತ ಕರಿ.
ತಕ್ಕಡಿಗೆ ಹಾಕಿದ್ರ
ತಗಡಿಗಿಂತ ಜಗಳನ ಹೆಚ್ಚು ತೂಗೀತು.

ಕಲ್ಲಪ್ಪ ಹೋಗಿ ಎರಡು ವರ್ಷಾತು.
ಅವನ ಉದ್ದರಿ ನಾನ ತೀರಿಸಿದೆ, ನೂರಾ ನಾಕು ರೂಪಾಯಿ,
ಎಲ್ಲಾ ಡಾಂಬರಿಂದು.

ಇವತ್ತ ಬಾಣಕ್ಕ ಒಂದು ಕೈ ಬಣ್ಣ ಕೊಟ್ಟೆ.
ಯಾರೂ ಹೇಳಿಲ್ಲ, ಬಿಲ್ಲೂ ಇಲ್ಲ.

ಕೋಟೆಗೇನ್ರಿ? ಹಿಂಗ ಹೋಗ್ರಿ, ನಡಕೊಂತ ಹತ್ತ ನಿಮಿಷ.
ಅಯ್ಯ, ಆನಸಬ್ಯಾಡ್ರಿ ಅಂದ್ರೂ ಆನಿಸೇ ಬಿಟ್ರಿ,
ತೋಳಿಗೆ ಬಿಳಿ ಹತ್ತೇತಿ.
ಈಗ ಒರಸಬ್ಯಾಡ್ರಿ, ಹರಡತೈತಿ.
ಇರಲಿ, ಒಣಗಲಿ.